ನಲವತ್ತಕ್ಕೆ ಪ್ರಾಧ್ಯಾಪಕ ಹುದ್ದೆ ಬಿಟ್ಟ ಹುಸ್ತೊ ಗೊನ್ಸಾಲೆಸ್: ನಾನೂ ಹಾಗೆ ಮಾಡಬಹುದೇ?

ಪ್ರಶ್ನೆ: ನಾನು ಒಂದು ದೇವಶಾಸ್ತ್ರ ಕಾಲೇಜಿನಲ್ಲಿ ಸಭಾ ಚರಿತ್ರೆ, ಅಂದರೆ ಕ್ರೈಸ್ತ ಸಭೆಯ (ಚರ್ಚಿನ) ಚರಿತ್ರೆ, ಪಾಠ ಮಾಡುತ್ತೇನೆ. ಮೂವತ್ತೊಂಬತ್ತು ವರ್ಷ. ಹುದ್ದೆ ಖಾಯಂ ಆಗಿದೆ, ಕ್ವಾರ್ಟರ್ಸ್ ಕೊಟ್ಟಿದ್ದಾರೆ. ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್, ಮಕ್ಕಳಿಬ್ಬರೂ ಹೈಸ್ಕೂಲಿನಲ್ಲಿದ್ದಾರೆ. ಬಿ.ಡಿ. (ದೇವಶಾಸ್ತ್ರ ಪದವಿ) ಓದುವ ದಿನಗಳಿಂದ ಹುಸ್ತೊ ಗೊನ್ಸಾಲೆಸ್ ಅವರ ಕ್ರೈಸ್ತ ಧರ್ಮದ ಚರಿತ್ರೆಯ ಎರಡು ಸಂಪುಟಗಳೇ ನನಗೆ ಆಧಾರ. ಅವರು ನಲವತ್ತರ ಹೊತ್ತಿಗೆ ಅಮೆರಿಕದ ದೊಡ್ಡ ವಿಶ್ವವಿದ್ಯಾಲಯದ ಕೆಲಸ ಬಿಟ್ಟು ಬರೆಯಲು ಕೂತರೆಂದು ಓದಿದ ಮೇಲೆ ನನಗೂ ನಿದ್ದೆ ಇಲ್ಲ. ಹಳ್ಳಿಯ ಸಭೆಗಳ ಉಪದೇಶಿಗಳು ಕೈಯಲ್ಲಿ ಹಿಡಿದು ಓದುವಂಥ ಸಭಾ ಚರಿತ್ರೆಯನ್ನು ಕನ್ನಡದಲ್ಲಿ ಬರೆಯಬೇಕೆಂಬ ಆಸೆ ಬಹಳ ಕಾಲದ್ದು. ಮನೆಯಲ್ಲಿ ಬಾಯಿ ಬಿಟ್ಟಾಗ ಅಣ್ಣ ಹೇಳಿದ್ದು: “ಅವನು ಕ್ಯೂಬಾದ ಎಡಪಂಥೀಯ, ಕೆಲಸದಿಂದ ತೆಗೆದಿರಬೇಕು.” ಸಹೋದ್ಯೋಗಿಯೊಬ್ಬರು ಹೇಳಿದ್ದು: “ಅದು ವಿಮೋಚನಾ ದೇವಶಾಸ್ತ್ರ, ಬಡವರ, ತುಳಿತಕ್ಕೊಳಗಾದವರ ಬಿಡುಗಡೆಯ ಕಡೆಯಿಂದ ಬೈಬಲ್ ಓದೋದು, ನಮ್ಮ ಸಭೆಗಳಿಗೆ ಆಗಿಬರೋದಿಲ್ಲ.” ಗೆಳೆಯನೊಬ್ಬ ಹೇಳಿದ್ದು: “ರಾಯಲ್ಟಿಯಲ್ಲೇ ರಾಜನ ಹಾಗೆ ಬದುಕಿದ ಮನುಷ್ಯ, ನೀನೂ ಧೈರ್ಯ ಮಾಡು.” ಇದರಲ್ಲಿ ನಿಜ ಯಾವುದು? ನಾನು ಹುದ್ದೆ ಬಿಡಲೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಗೊನ್ಸಾಲೆಸ್ ಏಕೆ ಬಿಟ್ಟರು, ನೀವು ಬಿಡಬಹುದೇ. ಮೊದಲನೆಯದು ಗೊತ್ತಾದರೆ ಎರಡನೆಯದು ತಾನಾಗಿ ಬಗೆಹರಿಯುತ್ತದೆ ಎಂದು ನೀವು ನಂಬಿದಂತಿದೆ. ಅರ್ಧ ಬಗೆಹರಿಯುತ್ತದೆ, ಅಷ್ಟೇ. ನಾನು ಸಭಾ ಚರಿತ್ರೆ ಪಾಠ ಮಾಡಿಯೇ ನಿವೃತ್ತನಾದವನು. ಈ ಆಸೆ ಹೊತ್ತು ಬಂದು ಕೂತ ಕಿರಿಯರನ್ನು ಸಾಕಷ್ಟು ಕಂಡಿದ್ದೇನೆ. ಕೆಲವರು ಹುದ್ದೆ ಬಿಟ್ಟು ಬರೆದರು, ಕೆಲವರು ಬಿಟ್ಟರೂ ಬರೆಯಲಿಲ್ಲ. ಹುದ್ದೆಯಲ್ಲಿದ್ದುಕೊಂಡೇ ಒಳ್ಳೆಯ ಪುಸ್ತಕ ಕೊಟ್ಟವರೂ ಇದ್ದಾರೆ. ಬಿಡುವುದಕ್ಕೂ ಬರೆಯುವುದಕ್ಕೂ ನಾವು ಅಂದುಕೊಂಡಷ್ಟು ನೇರ ಸಂಬಂಧ ಇಲ್ಲ.

ಮೊದಲು ಅಣ್ಣನವರ ಮಾತು ನೋಡೋಣ. ಗೊನ್ಸಾಲೆಸ್ ಕ್ಯೂಬಾದವರು ಎಂಬುದು ಸರಿ. 1937ರಲ್ಲಿ ಹವಾನಾದಲ್ಲಿ ಹುಟ್ಟಿದರು, ಮೆಥಡಿಸ್ಟ್ ಸಭೆಯವರು. ಮತಾನ್ಸಾಸ್ ಊರಿನ ಪ್ರಾಟೆಸ್ಟಂಟ್ ಸೆಮಿನರಿಯಲ್ಲಿ (ಪಾದ್ರಿಗಳನ್ನು ತಯಾರುಮಾಡುವ ಶಾಲೆ) ಓದು ಮುಗಿಸಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ 1961ರಲ್ಲಿ ಪಿಎಚ್‌ಡಿ ಪಡೆದಾಗ ಇನ್ನೂ ಇಪ್ಪತ್ನಾಲ್ಕರ ಆಸುಪಾಸು. ಚಾರಿತ್ರಿಕ ದೇವಶಾಸ್ತ್ರದಲ್ಲಿ ಯೇಲ್ ಅಲ್ಲಿಯವರೆಗೆ ಡಾಕ್ಟರೇಟ್ ಕೊಟ್ಟವರಲ್ಲಿ ಅತಿ ಕಿರಿಯರು ಅವರೇ ಎಂದು ಹೇಳುತ್ತಾರೆ. ಅವರು ಅಲ್ಲಿ ಓದುತ್ತಿದ್ದಾಗಲೇ, 1959ರ ಜನವರಿಯಲ್ಲಿ, ಕ್ಯೂಬಾದಲ್ಲಿ ಕ್ಯಾಸ್ಟ್ರೊ ಅಧಿಕಾರಕ್ಕೆ ಬಂದದ್ದು. 1961ರ ಜನವರಿ ಹೊತ್ತಿಗೆ ಎರಡು ದೇಶಗಳ ರಾಜತಾಂತ್ರಿಕ ಸಂಬಂಧವೇ ಮುರಿದಿತ್ತು. ಹೀಗಾಗಿ ಪದವಿ ಹಿಡಿದವರು ಹುಟ್ಟಿದೂರಿಗೆ ಮರಳಲಿಲ್ಲ, ಪೋರ್ಟೊ ರಿಕೊಗೆ ಹೋದರು. ಅಲ್ಲಿನ ಇವ್ಯಾಂಜೆಲಿಕಲ್ ಸೆಮಿನರಿಯಲ್ಲಿ 1969ರವರೆಗೆ ಪಾಠ ಮಾಡಿದರು. ಆಮೇಲೆ ಎಂಟು ವರ್ಷ ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದ ಕ್ಯಾಂಡ್ಲರ್ ದೇವಶಾಸ್ತ್ರ ಶಾಲೆಯಲ್ಲಿದ್ದರು. 1977ರಲ್ಲಿ ಅದನ್ನು ಬಿಟ್ಟದ್ದು ಬರವಣಿಗೆಗೆ ಪೂರ್ತಿ ಸಮಯ ಕೊಡುವುದಕ್ಕೆ. ಯಾರೂ ತೆಗೆದುಹಾಕಲಿಲ್ಲ. ತೆಗೆದುಹಾಕಿಸಿಕೊಂಡವರನ್ನು ಅಮೆರಿಕದ ಸೆಮಿನರಿಗಳು ಆಮೇಲೆ ದಶಕಗಟ್ಟಲೆ ಅತಿಥಿ ಪಾಠಕ್ಕೂ ಉಪನ್ಯಾಸ ಮಾಲೆಗಳಿಗೂ ಕರೆಯುತ್ತಿರಲಿಲ್ಲ.

ಕ್ಯೂಬಾದವರು ಎಂದ ಕೂಡಲೇ ಎಡಪಂಥೀಯ ಎನ್ನುವುದು ನಮ್ಮಲ್ಲಿ ರೂಢಿ. ಗೊನ್ಸಾಲೆಸ್ ಅವರ ಅಪ್ಪ-ಅಮ್ಮ ಕ್ರಾಂತಿಯ ನಂತರ ದೇಶ ಬಿಟ್ಟು ಕೋಸ್ಟಾ ರಿಕಾದಲ್ಲಿ ನೆಲೆ ಕಂಡವರು. ಅಲ್ಲಿ ಆಲ್ಫಾಲಿಟ್ ಎಂಬ ಸಾಕ್ಷರತಾ ಸಂಸ್ಥೆ ಕಟ್ಟಿ ಬಡವರಿಗೆ ಅಕ್ಷರ ಕಲಿಸಿದರು. ಓದಲು ಬಾರದವರಿಗೆ ಓದು ಕಲಿಸಿ, ಅವರ ಕೈಗೆ ಓದುವಂಥದ್ದನ್ನು ಕೊಡುವ ಕೆಲಸ ಮಗನಿಗೆ ಮನೆಯಲ್ಲೇ ಕಾಣುತ್ತಿತ್ತು. ಮುಂದೆ ಅವರು ಮಾಡಿದ್ದನ್ನು ಅರ್ಥ ಮಾಡಿಕೊಳ್ಳಲು ರಾಜಕೀಯಕ್ಕಿಂತ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಅವರೇ ಗುರುತಿಸಿಕೊಂಡ ಇನ್ನೊಂದು ಸಂಗತಿ ಇದೆ. ಕ್ಯೂಬಾದಲ್ಲಿ ಕ್ಯಾಥೊಲಿಕರ ನಡುವೆ ಪ್ರಾಟೆಸ್ಟಂಟರಾಗಿ ಅವರು ಅಲ್ಪಸಂಖ್ಯಾತರು. ಅಮೆರಿಕಕ್ಕೆ ಬಂದರೆ ಸುತ್ತ ಎಲ್ಲ ಪ್ರಾಟೆಸ್ಟಂಟರೇ, ಆದರೆ ಇಲ್ಲಿ ಸ್ಪ್ಯಾನಿಷ್ ಮಾತಾಡುವವನಾಗಿ ಮತ್ತೆ ಅಲ್ಪಸಂಖ್ಯಾತ. ಕನ್ನಡದ ಕ್ರೈಸ್ತ ಓದುಗನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಗೆಳೆಯನ ರಾಯಲ್ಟಿ ಲೆಕ್ಕ. ನನಗೆ ಅತಿ ಅಪಾಯಕಾರಿ ಅನ್ನಿಸಿದ ಮಾತು ಇದೇ, ಏಕೆಂದರೆ ಇದರಲ್ಲಿ ಸ್ವಲ್ಪ ನಿಜ ಇದೆ. ಗೊನ್ಸಾಲೆಸ್ ನೂರಕ್ಕೂ ಹೆಚ್ಚು ಪುಸ್ತಕ ಬರೆದಿದ್ದಾರೆ. ನಿಮ್ಮ ಮೇಜಿನ ಮೇಲಿರುವ ಆ ಎರಡು ಸಂಪುಟಗಳು ಇಂಗ್ಲಿಷ್ ಬಲ್ಲ ಸೆಮಿನರಿಗಳಲ್ಲಿ ದಶಕಗಳಿಂದ ಪಠ್ಯ. ಪಠ್ಯವಾದ ಪುಸ್ತಕ ಪ್ರತಿ ವರ್ಷವೂ ಹೊಸದಾಗಿ ಮಾರಾಟವಾಗುತ್ತದೆ, ಹಣ ಬರುತ್ತದೆ. ಸರಿ. ಆದರೆ ಆ ಪುಸ್ತಕ ಯಾವಾಗ, ಹೇಗೆ ಬಂತು ನೋಡಿ.

ಮೂರು ಸಂಪುಟಗಳ ಕ್ರೈಸ್ತ ಚಿಂತನೆಯ ಚರಿತ್ರೆಯನ್ನು ಅವರು ಮೊದಲು ಬರೆಯತೊಡಗಿದ್ದು ಸ್ಪ್ಯಾನಿಷ್‌ನಲ್ಲಿ, ಪೋರ್ಟೊ ರಿಕೊದಲ್ಲಿ ಪಾಠ ಮಾಡುತ್ತಿದ್ದ ಕಾಲದಲ್ಲಿ. ಮೊದಲ ಸಂಪುಟ 1965ರದ್ದು. ಇಂಗ್ಲಿಷ್ ರೂಪ 1970ರಿಂದ 1975ರೊಳಗೆ ಬಂತು. ಅಂದರೆ ಕ್ಯಾಂಡ್ಲರ್ ಬಿಡುವ ಹೊತ್ತಿಗೆ ಅವರ ಕೈಯಲ್ಲಿ ಮುಗಿದ, ಎರಡು ಭಾಷೆಗಳಲ್ಲಿ ಓದಿಸಿಕೊಳ್ಳುತ್ತಿದ್ದ ಒಂದು ದೊಡ್ಡ ಕೃತಿ ಆಗಲೇ ಇತ್ತು. ಅವರು ಬರೆಯುವ ಆಸೆಯನ್ನು ನೆಚ್ಚಿಕೊಂಡು ಕೆಲಸ ಬಿಡಲಿಲ್ಲ. ಬರೆಯುವ ಅಭ್ಯಾಸ ಊರಿದ ಮೇಲೆ ಬಿಟ್ಟರು.

ಆಮೇಲೆ ಬಂದದ್ದು ನಿಮಗೆ ಇನ್ನೂ ಹತ್ತಿರದ ಸಂಗತಿ. ನಾವೆಲ್ಲ ಎರಡು ದಪ್ಪ ಸಂಪುಟಗಳಾಗಿ ಓದುವ ಆ ಚರಿತ್ರೆ ಮೊದಲು ಹತ್ತು ತೆಳ್ಳನೆಯ ಪುಸ್ತಿಕೆಗಳಾಗಿ, ಚಿತ್ರಗಳ ಸಮೇತ, ಸ್ಪ್ಯಾನಿಷ್‌ನಲ್ಲಿ ಬಂದಿತ್ತು. ಹುತಾತ್ಮರ ಕಾಲಕ್ಕೊಂದು, ಪ್ರಾಟೆಸ್ಟಂಟ್ ಸುಧಾರಣೆಯ ಕಾಲಕ್ಕೊಂದು, ಹೀಗೆ. ಸೆಮಿನರಿ ಮೆಟ್ಟಿಲು ಹತ್ತದ ಓದುಗರೂ ಕೊಂಡು ಓದಬಹುದಾದ ಗಾತ್ರ. 1984 ಮತ್ತು 1985ರಲ್ಲಿ ಅದು ಇಂಗ್ಲಿಷ್‌ನಲ್ಲಿ ಎರಡು ಸಂಪುಟಗಳಾಯಿತು, 2010ರಲ್ಲಿ ಪರಿಷ್ಕರಣೆಯಾಯಿತು. ಆ ಪುಸ್ತಕ ಓದುವಾಗ ಕತೆ ಕೇಳಿದಂತೆ ಅನ್ನಿಸುವುದಕ್ಕೆ ಕಾರಣ ಇದೇ ಎಂದು ನನ್ನ ಅಂದಾಜು: ಅದನ್ನು ಮೊದಲು ಬರೆದದ್ದು ಅಡಿಟಿಪ್ಪಣಿ ಹುಡುಕುವವರಿಗಲ್ಲ. ಒಮ್ಮೆ ಮತ್ತೆ ತೆಗೆದು ನೋಡಿ, ಅಧ್ಯಾಯಗಳು ಚಿಕ್ಕವು, ಪ್ರತಿಯೊಂದೂ ಒಬ್ಬ ಮನುಷ್ಯನನ್ನೋ ಒಂದು ಜಗಳವನ್ನೋ ಹಿಡಿದು ಹೊರಡುತ್ತದೆ.

ಇನ್ನು ಮನೆ ನಡೆಸುವ ಮಾತು. ಗೊನ್ಸಾಲೆಸ್ ಅವರ ಪತ್ನಿ ಕ್ಯಾಥರೀನ್ ಗನ್ಸಾಲಸ್ ಗೊನ್ಸಾಲೆಸ್ ಕೂಡ ಸಭಾ ಚರಿತ್ರೆಯವರೇ. ಅಟ್ಲಾಂಟಾ ಪಕ್ಕದ ಡೆಕೇಟರ್‌ನಲ್ಲಿರುವ ಕೊಲಂಬಿಯಾ ದೇವಶಾಸ್ತ್ರ ಸೆಮಿನರಿಯಲ್ಲಿ ಬಹುಕಾಲ ಪ್ರಾಧ್ಯಾಪಕಿಯಾಗಿದ್ದರು. ಇಬ್ಬರೂ ಸೇರಿ ಪುಸ್ತಕಗಳನ್ನೂ ಬರೆದಿದ್ದಾರೆ. ಮನೆಗೆ ಒಂದು ಸಂಬಳ, ಒಂದು ಗ್ರಂಥಾಲಯದ ಕಾರ್ಡು, ಹಸ್ತಪ್ರತಿ ಓದಿ ತಪ್ಪು ತೋರಿಸಬಲ್ಲ ಒಬ್ಬ ವಿದ್ವಾಂಸೆ: ಇಷ್ಟೂ ಅವರಿಗಿತ್ತು. “ಒಬ್ಬಂಟಿಯಾಗಿ ಹೊರಟರು” ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನಿಮ್ಮ ಹೆಂಡತಿಯ ಖಾಸಗಿ ಶಾಲೆಯ ಸಂಬಳದ ಮೇಲೆ ಎರಡು ಮಕ್ಕಳ ಕಾಲೇಜು ದಾಟುತ್ತದೆಯೇ ಎಂದು ಅವರನ್ನೇ ಕೂರಿಸಿಕೊಂಡು ಕೇಳಿ. ನಿಮ್ಮ ಪತ್ರದಲ್ಲಿ ಅಣ್ಣನ, ಗೆಳೆಯನ, ಸಹೋದ್ಯೋಗಿಯ ಮಾತಿದೆ. ಹೆಂಡತಿಯ ಮಾತು ಮಾತ್ರ ಇಲ್ಲ.

ಕನ್ನಡದಲ್ಲಿ ದೇವಶಾಸ್ತ್ರದ ಪುಸ್ತಕ ಬರೆದು ಜೀವನ ಮಾಡುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುದ್ರಣದ ಖರ್ಚು ಮರಳಿ ಬಂದರೆ ಲೇಖಕರು ಸ್ತೋತ್ರ ಹೇಳುವುದನ್ನು ಕಂಡಿದ್ದೇನೆ.

ಸಹೋದ್ಯೋಗಿಯ ಆಕ್ಷೇಪಕ್ಕೆ ಬರುತ್ತೇನೆ. ಇದಕ್ಕೆ ಸ್ವಲ್ಪ ಹೆಚ್ಚು ಜಾಗ ಬೇಕು, ಏಕೆಂದರೆ ಗೊನ್ಸಾಲೆಸ್ ಏನು ಹೇಳಿದರು ಎಂಬುದು ಇಲ್ಲಿದೆ.

ಅವರು ವಿಮೋಚನಾ ದೇವಶಾಸ್ತ್ರಕ್ಕೆ ಹತ್ತಿರದವರು ಎಂಬುದನ್ನು ಮುಚ್ಚಿಡಬೇಕಿಲ್ಲ. 1980ರಲ್ಲಿ ಪತ್ನಿಯ ಜೊತೆ ಸೇರಿ ಬರೆದ, ಸಭೆಯಲ್ಲಿ ಪ್ರಸಂಗ (ಉಪದೇಶ) ಮಾಡುವವರಿಗಾಗಿನ ಪುಸ್ತಕದ ಹೆಸರಿನಲ್ಲೇ ವಿಮೋಚನೆ ಇದೆ. ಆದರೆ ಅವರ ಕಸುಬು ಸಭಾಪಿತೃಗಳ, ಅಂದರೆ ಸಭೆಯ ಮೊದಲ ಶತಮಾನಗಳ ಲೇಖಕರ, ಅಧ್ಯಯನ. ಎರಡನೆಯ ಶತಮಾನಕ್ಕೆ ಹೋಗಿ ಅಲ್ಲಿಂದ ಇಂದಿಗೆ ಮಾತಾಡುವುದು ಅವರ ರೀತಿ. 1989ರ ಒಂದು ಚಿಕ್ಕ ಪುಸ್ತಕದಲ್ಲಿ ಅವರು ಆದಿಸಭೆಯ ಚಿಂತನೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಕಾರ್ತೇಜಿನ ತೆರ್ತುಲ್ಲಿಯನ್‌ಗೆ ಎಲ್ಲವೂ ನ್ಯಾಯಪ್ರಮಾಣದ ಕಣ್ಣಿನಲ್ಲಿ ಕಾಣುತ್ತದೆ: ಪಾಪವೆಂದರೆ ಅಪರಾಧ, ರಕ್ಷಣೆಯೆಂದರೆ ಸಾಲ ತೀರುವಳಿ. ಅಲೆಕ್ಸಾಂದ್ರಿಯದ ಒರಿಗೆನ್‌ಗೆ ಬದಲಾಗದ ಸತ್ಯವೇ ಮುಖ್ಯ, ಆತ್ಮ ಅದನ್ನು ಧ್ಯಾನಿಸುತ್ತ ಮೇಲೇರಬೇಕು. ಏಷ್ಯಾ ಮೈನರ್‌ನಿಂದ ಬಂದು ಲಿಯೋನ್‌ನಲ್ಲಿ ಬಿಷಪರಾದ ಐರೇನಿಯಸ್‌ಗೆ ಮುಖ್ಯವಾದದ್ದು ಚರಿತ್ರೆ: ದೇವರು ಮನುಷ್ಯರನ್ನು ಮಕ್ಕಳಂತೆ ಬೆಳೆಸುತ್ತಿದ್ದಾನೆ, ದಾಸ್ಯದಿಂದ ಬಿಡಿಸುತ್ತಿದ್ದಾನೆ. ಪಶ್ಚಿಮದ ಸಭೆ ಮೊದಲ ಎರಡನ್ನು ಹಿಡಿದುಕೊಂಡು ಮೂರನೆಯದನ್ನು ಮರೆಯಿತು, ಮೂರನೆಯದೇ ಅತಿ ಹಳೆಯದು ಎಂಬುದು ಅವರ ವಾದ. ಒಪ್ಪಬಹುದು, ಬಿಡಬಹುದು. ನನ್ನ ಮಟ್ಟಿಗೆ ವಿಂಗಡಣೆ ತುಸು ಹೆಚ್ಚೇ ಅಚ್ಚುಕಟ್ಟಾಗಿದೆ, ತೆರ್ತುಲ್ಲಿಯನ್ ಆ ಪೆಟ್ಟಿಗೆಯಲ್ಲಿ ಪೂರ್ತಿ ಹಿಡಿಸುವುದಿಲ್ಲ. ಆದರೆ ಇದನ್ನು ಓದಿದ ವಿದ್ಯಾರ್ಥಿ ಐರೇನಿಯಸ್‌ನನ್ನು ಮತ್ತೆಂದೂ ಮರೆಯುವುದಿಲ್ಲ. ಸಹೋದ್ಯೋಗಿಯವರಿಗೆ ಹೇಳಿ: ಸಭೆ ಒಪ್ಪಿದ ವಿಶ್ವಾಸಪ್ರಮಾಣವನ್ನು ಬದಿಗಿಡುವ ಮನುಷ್ಯ ಹೀಗೆ ಬರೆಯುವುದಿಲ್ಲ.

ಅಮೆರಿಕದ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದವರ) ಸಭೆಗಳ ದನಿ ಅವರ ಬರಹದಲ್ಲಿ ನೇರವಾಗಿ ಕೇಳುವುದು 1990ರ ‘ಮನ್ಯಾನಾ’ ಮತ್ತು 1996ರ ‘ಸಾಂತಾ ಬಿಬ್ಲಿಯಾ’ದಲ್ಲಿ. ಎರಡನೆಯದರಲ್ಲಿ ಬರುವ ಒಂದು ಘಟನೆಯನ್ನು ನಾನು ತರಗತಿಯಲ್ಲಿ ಹೇಳದೆ ಬಿಟ್ಟದ್ದಿಲ್ಲ. ಬಡವರೇ ತುಂಬಿದ ಒಂದು ಸಭೆ. ಪಾಠ ಸಬ್ಬತ್ ಆಜ್ಞೆ. ನಾವೆಲ್ಲ ಅದನ್ನು ಏಳನೆಯ ದಿನದ ವಿಶ್ರಾಂತಿಯ ಮೇಲೆ ಪ್ರಸಂಗ ಮಾಡುತ್ತೇವೆ, ಅಂಗಡಿ ತೆರೆಯಬಾರದು, ಪಂದ್ಯ ನೋಡಬಾರದು ಎಂದು ಮುಗಿಸುತ್ತೇವೆ. ಅಲ್ಲಿನ ಬೋಧಕ ಸಭೆಯನ್ನು ಕೇಳಿದ್ದು ಬೇರೆ: ಕಳೆದ ವಾರ ಆರು ದಿನ ಕೆಲಸ ಸಿಕ್ಕವರು ಯಾರು, ಕೈಯೆತ್ತಿ. ಎತ್ತಿದ್ದು ಕೆಲವೇ ಕೈ. ಕೆಲಸ ಬೇಕಿತ್ತು, ಸಿಗಲಿಲ್ಲ ಎನ್ನುವವರು? ಹೆಚ್ಚುಕಡಿಮೆ ಎಲ್ಲ ಕೈಗಳೂ ಮೇಲೆ. ಹಾಗಾದರೆ ಆರು ದಿನ ದುಡಿಯಬೇಕೆಂಬ ದೇವರ ಆಜ್ಞೆಯನ್ನು ನಾವು ಪಾಲಿಸುವುದು ಹೇಗೆ ಎಂದು ಆತ ಮುಂದುವರಿಸುತ್ತಾನೆ. ಬೈಬಲಿನ ವಿಮೋಚನಕಾಂಡದ ಇಪ್ಪತ್ತನೆಯ ಅಧ್ಯಾಯದಲ್ಲಿ ಆ ಮಾತು ಸ್ಪಷ್ಟವಾಗಿಯೇ ಇದೆ. ವಾರದ ಸಂಬಳ ಖಚಿತವಿರುವ ಓದುಗನ ಕಣ್ಣು ಅದರ ಮೇಲೆ ನಿಲ್ಲುವುದಿಲ್ಲ, ಅಷ್ಟೇ. ಕೂಲಿಗೆ ಹೋಗುವವರಿರುವ ನಮ್ಮ ಯಾವುದೇ ಹಳ್ಳಿಯ ಸಭೆಯಲ್ಲಿ ಇದನ್ನು ಹೇಳಿ ನೋಡಿ, ಯಾರೂ ಇದಕ್ಕೆ ಪಂಥದ ಹೆಸರು ಕೊಡುವುದಿಲ್ಲ.

ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯವನ್ನೂ ಅವರು ಹೀಗೆಯೇ ಓದುತ್ತಾರೆ. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿಲ್ಲವೆಂದು ದೂರು. ಹನ್ನೆರಡು ಮಂದಿ ಅಪೊಸ್ತಲರು ಸಭೆ ಕರೆದು ಏಳು ಜನರನ್ನು ಆರಿಸಲು ಹೇಳುತ್ತಾರೆ. ಆರಿಸಿದ ಹೆಸರುಗಳನ್ನು ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ... ಏಳೂ ಗ್ರೀಕ್ ಹೆಸರುಗಳು. ಅನ್ಯಾಯವಾದ ಪಂಗಡದವರ ಕೈಗೇ ಸಭೆ ಬಡಿಸುವ ಸೌಟು ಕೊಟ್ಟಿತು. ಅಷ್ಟಕ್ಕೇ ನಿಲ್ಲುವುದಿಲ್ಲ. ವಾಕ್ಯಸೇವೆ ತಮಗೆ, ಊಟದ ಸೇವೆ ಇವರಿಗೆ ಎಂದು ಹನ್ನೆರಡು ಮಂದಿ ಹಂಚಿಕೊಂಡಿದ್ದರು. ಮುಂದಿನ ಪುಟದಲ್ಲೇ ವಾಕ್ಯ ಸಾರುತ್ತಾ ನಿಂತಿರುವವನು ಸ್ತೆಫನ.

‘ಮನ್ಯಾನಾ’ದಲ್ಲಿ ನಿಮ್ಮ ಕೆಲಸಕ್ಕೆ ನೇರ ಬೇಕಾದ ಒಂದು ವಿಚಾರ ಇದೆ. ಅಮೆರಿಕದ ಬಹುಸಂಖ್ಯಾತರು ತಮ್ಮ ಚರಿತ್ರೆಯನ್ನು ನಿರ್ದೋಷಿಗಳ ಚರಿತ್ರೆಯಾಗಿ ಹೇಳಿಕೊಳ್ಳುತ್ತಾರೆ: ಧರ್ಮಶ್ರದ್ಧೆಯ ಜನ ಬಂದರು, ಕಾಡು ಕಡಿದರು, ನಾಡು ಕಟ್ಟಿದರು. ಲ್ಯಾಟಿನೋಗಳಿಗೆ ಆ ಸೌಕರ್ಯ ಇಲ್ಲ. ಗೆದ್ದ ಸ್ಪೇನಿನವನೂ ಅಜ್ಜ, ಸೋತ ಮೂಲನಿವಾಸಿಯೂ ಅಜ್ಜಿ. ತಮ್ಮ ರಕ್ತದಲ್ಲೇ ದೋಷವೂ ಗಾಯವೂ ಇರುವಾಗ ಚರಿತ್ರೆಯನ್ನು ಶುದ್ಧ ಮಾಡಿ ಹೇಳಲಾಗದು, ಹೇಳಬಾರದು ಎನ್ನುತ್ತಾರೆ ಗೊನ್ಸಾಲೆಸ್. ನಮ್ಮ ಮಿಷನ್ ಚರಿತ್ರೆಗಳನ್ನು ಓದಿದವರಿಗೆ ಇದು ಚುಚ್ಚಬೇಕು. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು, ಮುದ್ರಣಾಲಯ ತೆರೆದರು, ಮೋಗ್ಲಿಂಗ್ 1843ರಲ್ಲಿ ಪತ್ರಿಕೆ ತಂದರು, ಕಿಟ್ಟೆಲ್ 1894ರಲ್ಲಿ ನಿಘಂಟು ಕೊಟ್ಟರು: ಇದಿಷ್ಟೇ ಹೇಳಿದರೆ ನಿರ್ದೋಷಿಗಳ ಚರಿತ್ರೆ. ಹೊಸದಾಗಿ ಸಭೆಗೆ ಸೇರಿದವರಿಗೆ ಜಾತಿಯೂ ಜೀವನೋಪಾಯವೂ ಕೈತಪ್ಪಿದ್ದು, ಅವರು 1865ರಲ್ಲಿ ಶುರುವಾದ ಹಂಚಿನ ಕಾರ್ಖಾನೆಯಲ್ಲಿ ಅದೇ ಮಿಷನ್ನಿನ ಕೂಲಿಗಳಾದದ್ದು, ಬೋಧಕನೇ ಯಜಮಾನನೂ ಆದಾಗ ಸಭೆಯೊಳಗೆ ಏನಾಯಿತು ಎಂಬುದು, ಇದನ್ನೂ ಸೇರಿಸಿ ಹೇಳಿದರೆ ಓದುಗನಿಗೆ ತನ್ನ ಮುತ್ತಜ್ಜಿ ಸಿಗುತ್ತಾಳೆ.

ಅಪಾಯವನ್ನೂ ಹೇಳಿಬಿಡುತ್ತೇನೆ. ಗೊನ್ಸಾಲೆಸ್ ಓದಿದವರು ಪ್ರತಿ ವಾಕ್ಯದಲ್ಲೂ ಶೋಷಿತರನ್ನು ಹುಡುಕಲು ಹೊರಟು, ಎರಡು ಪ್ರಸಂಗಗಳಲ್ಲಿ ಸಭೆಯನ್ನು ದಣಿಸಿಬಿಡುವುದುಂಟು. ಅವರ ಬರಹದಲ್ಲಿ ಆ ದಣಿವು ಇಲ್ಲದಿರುವುದಕ್ಕೆ ಕಾರಣ, ಪ್ರತಿ ಮಾತಿನ ಹಿಂದೆ ಮೂಲ ಆಧಾರ ಓದಿದ ಶ್ರಮ ಇದೆ. ಅದೇ 1990ರಲ್ಲಿ ಅವರು ಆದಿಸಭೆಯವರು ಹಣದ ಬಗ್ಗೆ ಏನೆಂದುಕೊಂಡಿದ್ದರು ಎಂಬುದರ ಮೇಲೆ ಒಂದು ಪೂರ್ತಿ ಪುಸ್ತಕ ತಂದರು. ಬಡ್ಡಿ, ಸ್ವತ್ತು, ದಾನ, ಎಲ್ಲಕ್ಕೂ ಸಭಾಪಿತೃಗಳ ಮಾತೇ ಮುಂದಿಟ್ಟರು. ತಾವು ಕಡಿಮೆ ಮಾತಾಡಿ ಅವರನ್ನು ಮಾತಾಡಿಸಿದರು.

ಹುದ್ದೆ ಬಿಟ್ಟ ಮೇಲೆ ಅವರು ಮಾಡಿದ್ದು ಬರವಣಿಗೆ ಮಾತ್ರ ಎಂದು ನೀವು ತಿಳಿದಿದ್ದೀರಿ. ನಿಮ್ಮ ಪತ್ರದಲ್ಲಿರುವ ದೊಡ್ಡ ತಪ್ಪುಕಲ್ಪನೆ ಇದು, ಮೂವರು ಸಲಹೆಗಾರರದ್ದಕ್ಕಿಂತ ದೊಡ್ಡದು. 1980ರ ದಶಕದ ಆರಂಭದಲ್ಲಿ ಅವರು ‘ಅಪುಂತೆಸ್’ ಎಂಬ ಪತ್ರಿಕೆ ಶುರು ಮಾಡಿದರು. ಲ್ಯಾಟಿನೋ ಲೇಖಕರು ಅಂಚಿನಲ್ಲಿ ನಿಂತು ದೇವಶಾಸ್ತ್ರ ಬರೆಯಲು ಅದು ಜಾಗವಾಯಿತು, ಇಪ್ಪತ್ತು ವರ್ಷ ಅದರ ಸಂಪಾದಕತ್ವ ಹೊತ್ತರು. 1988ರಲ್ಲಿ ಅಮೆರಿಕದ ಹಿಸ್ಪಾನಿಕರ (ಸ್ಪ್ಯಾನಿಷ್ ಭಾಷೆಯ ಮೂಲದವರ) ದೇವಶಾಸ್ತ್ರ ಶಿಕ್ಷಣದ ಸ್ಥಿತಿಗತಿಯ ಬಗ್ಗೆ ಒಂದು ಅಧ್ಯಯನ ವರದಿ ಬರೆದುಕೊಟ್ಟರು. ವರದಿಗಳ ಗತಿ ನಿಮಗೆ ಗೊತ್ತು, ಬೀರು ಸೇರುತ್ತವೆ. ಇದು ಸೇರಲಿಲ್ಲ. ವಿದ್ಯಾರ್ಥಿಗಳಿಗೆ ಬೇಸಿಗೆಯಲ್ಲಿ ಲ್ಯಾಟಿನೋ ಅಧ್ಯಾಪಕರಿಂದ ಪಾಠ ಸಿಗುವ ಹಿಸ್ಪಾನಿಕ್ ಸಮ್ಮರ್ ಪ್ರೋಗ್ರಾಂ, 1991ರಲ್ಲಿ ಎಇಟಿಎಚ್ ಎಂಬ ಹಿಸ್ಪಾನಿಕ್ ದೇವಶಾಸ್ತ್ರ ಶಿಕ್ಷಣ ಸಂಘ, 1996ರಲ್ಲಿ ಪಿಎಚ್‌ಡಿ ಓದುವವರಿಗೆ ನೆರವಾಗುವ ಹಿಸ್ಪಾನಿಕ್ ಥಿಯಲಾಜಿಕಲ್ ಇನಿಷಿಯೇಟಿವ್: ಹೀಗೆ ಒಂದಾದ ಮೇಲೊಂದು ಬಂದವು. ಇವುಗಳಿಗೆ ಪ್ಯೂ ಪ್ರತಿಷ್ಠಾನದಂಥವರಿಂದ ಹಣ ತರಲಾಯಿತು. ಕೊನೆಯದರ ನೆರವಿನಿಂದ ನೂರಕ್ಕೂ ಹೆಚ್ಚು ಲ್ಯಾಟಿನೋಗಳು ಡಾಕ್ಟರೇಟ್ ಮುಗಿಸಿದ್ದಾರೆ.

ಇಷ್ಟೊಂದು ಸಂಸ್ಥೆ ಏಕೆ ಬೇಕಾಯಿತು? ಲ್ಯಾಟಿನೋ ಸಭೆಗಳ ಬಹುಪಾಲು ಬೋಧಕರು ಹಗಲು ಎಲ್ಲೋ ದುಡಿದು, ಸಂಜೆ ಬೈಬಲ್ ಇನ್‌ಸ್ಟಿಟ್ಯೂಟ್‌ಗಳಲ್ಲಿ ಸ್ಪ್ಯಾನಿಷ್‌ನಲ್ಲಿ ಓದುವವರು. ಸೆಮಿನರಿಗಳು ಮೊದಲು ಕಾಲೇಜು ಪದವಿ ಕೇಳುತ್ತವೆ, ಪಾಠ ಇಂಗ್ಲಿಷ್‌ನಲ್ಲಿ. ಇಪ್ಪತ್ತು ವರ್ಷ ಸಭೆ ನಡೆಸಿದ ಮನುಷ್ಯ ಬಾಗಿಲಲ್ಲೇ ನಿಲ್ಲಬೇಕು. ಎಇಟಿಎಚ್ ಆ ಇನ್‌ಸ್ಟಿಟ್ಯೂಟ್‌ಗಳ ಗುಣಮಟ್ಟ ನೋಡಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಮಾಡಿತು. ಸೆಮಿನರಿಗಳಿಗೆ ಮಾನ್ಯತೆ ಕೊಡುವ ಮಂಡಳಿ ಅದನ್ನು ಒಪ್ಪಿತು. ಅಲ್ಲಿ ಓದಿದವರಿಗೆ ಸೆಮಿನರಿಯ ಬಾಗಿಲು ತೆರೆಯಿತು. ದೇವಶಾಸ್ತ್ರಜ್ಞರೊಬ್ಬರ ಸಾಧನೆ ಎಂದರೆ ನಾವು ಪುಸ್ತಕ ಎಣಿಸುತ್ತೇವೆ. ನನ್ನನ್ನು ಕೇಳಿದರೆ ಇಂಥ ಒಂದು ಆಡಳಿತದ ಕಾಗದ ಹತ್ತು ಪುಸ್ತಕಕ್ಕೆ ಸಮ.

ಅವರು ಮೆಚ್ಚಿ ಬಳಸುವ ಒಂದು ಹಳೆಯ ಸ್ಪ್ಯಾನಿಷ್ ನಾಟಕದ ಪ್ರಸಂಗವಿದೆ, ಲೋಪೆ ದೆ ವೇಗನದು. ಫುವೆಂತೆ ಓವೆಹುನಾ ಎಂಬ ಹಳ್ಳಿಯ ಜನ ಹಿಂಸೆ ತಾಳಲಾರದೆ ತಮ್ಮ ದಂಡನಾಯಕನನ್ನು ಕೊಂದುಹಾಕುತ್ತಾರೆ. ನ್ಯಾಯಾಧೀಶ ಬಂದು ಒಬ್ಬೊಬ್ಬರನ್ನೇ ಹಿಂಸಿಸಿ ಕೊಂದವರಾರೆಂದು ಕೇಳುತ್ತಾನೆ. ಮುದುಕನಿಂದ ಹುಡುಗನವರೆಗೆ ಎಲ್ಲರದೂ ಒಂದೇ ಉತ್ತರ, ಫುವೆಂತೆ ಓವೆಹುನಾ. ದೇವಶಾಸ್ತ್ರವನ್ನೂ ಹೀಗೆಯೇ ಊರೆಲ್ಲ ಸೇರಿ ಮಾಡಬೇಕು, ಯಾವ ಮಾತು ಯಾರದು ಎಂದು ಹೇಳಲಾಗದಂತಿರಬೇಕು ಎಂಬುದು ಅವರ ಆಸೆ. ‘ಮನ್ಯಾನಾ’ಕ್ಕೆ ಮುನ್ನುಡಿ ಬರೆದವರು ಟೆಕ್ಸಸ್‌ನ ಕ್ಯಾಥೊಲಿಕ್ ಪಾದ್ರಿ ವಿರ್ಹಿಲಿಯೊ ಎಲಿಸೊಂಡೊ. ಪ್ರಾಟೆಸ್ಟಂಟ್ ಲೇಖಕನ ಪುಸ್ತಕಕ್ಕೆ ಅಂಥ ಮುನ್ನುಡಿ ಇರುವುದು ಈ ಆಸೆಗೆ ತಕ್ಕದ್ದೇ.

ಇಲ್ಲಿಂದ ನಿಮ್ಮ ವಿಷಯಕ್ಕೆ ಬರುತ್ತೇನೆ.

ಈಗಲೇ ರಾಜೀನಾಮೆ ಕೊಟ್ಟು ಕೂರುವುದು ಒಂದು ದಾರಿ. ನಾನು ಬೇಡ ಎನ್ನುತ್ತೇನೆ. ಸಂಬಳ ನಿಲ್ಲುವುದು, ಕ್ವಾರ್ಟರ್ಸ್ ಖಾಲಿ ಮಾಡುವುದು ಎದ್ದು ಕಾಣುವ ನಷ್ಟ. ಕಾಣದ ನಷ್ಟ ಇನ್ನೂ ದೊಡ್ಡದು: ತರಗತಿ ಹೋಗುತ್ತದೆ. ಗೊನ್ಸಾಲೆಸ್ ಮೊದಲ ದೊಡ್ಡ ಪುಸ್ತಕ ಬರೆದದ್ದು ಎದುರಿಗೆ ವಿದ್ಯಾರ್ಥಿಗಳಿದ್ದಾಗ. ನಿಮಗೆ ಎಲ್ಲಿ ವಿವರಿಸಬೇಕು, ಎಲ್ಲಿ ಬೇಗ ದಾಟಬೇಕು ಎಂದು ಹೇಳಿಕೊಡುವುದು ಹುಡುಗರ ಮುಖಗಳೇ. ಮನೆಯ ಕೋಣೆ ಅದನ್ನು ಹೇಳುವುದಿಲ್ಲ.

ಇಂಗ್ಲಿಷ್ ಸಂಪುಟಗಳನ್ನೇ ಕನ್ನಡಕ್ಕೆ ತರುವುದು ಎರಡನೆಯದು. ಬೇಗ ಆಗುವಂತೆ ಕಾಣುತ್ತದೆ, ಆಗುವುದಿಲ್ಲ. ಅನುವಾದದ ಹಕ್ಕು ಪ್ರಕಾಶಕರ ಕೈಯಲ್ಲಿರುತ್ತದೆ. ಲಿಖಿತ ಅನುಮತಿ ಇಲ್ಲದೆ ಒಂದು ಅಧ್ಯಾಯ ಹಂಚಿದರೂ ತೊಂದರೆ. ಅದಕ್ಕಿಂತ ಮುಖ್ಯ, ಅವರು ತಮ್ಮ ಜನಕ್ಕಾಗಿ ಬರೆದರು. ಲ್ಯಾಟಿನ್ ಅಮೆರಿಕಕ್ಕೆ ಸಭೆ ಬಂದ ಕತೆಗೆ ಅವರು ಕೊಟ್ಟಿರುವ ಜಾಗವನ್ನು ನಿಮ್ಮ ಓದುಗ ಈ ನೆಲಕ್ಕೆ ಬಂದ ಕತೆಗೆ ಕೇಳುತ್ತಾನೆ. ಅನುವಾದಿಸಿದ ಪುಸ್ತಕದಲ್ಲಿ ಅದು ಕೆಲವು ಪುಟಗಳಲ್ಲಿ ಮುಗಿದಿರುತ್ತದೆ.

ನಾನು ಹೇಳುವುದು ಹೀಗೆ. ಹುದ್ದೆಯಲ್ಲಿರಿ. ದೊಡ್ಡ ಗ್ರಂಥದ ಯೋಚನೆ ಬಿಡಿ, ಅವರಂತೆ ತೆಳ್ಳನೆಯ ಪುಸ್ತಿಕೆಗಳಿಂದ ಶುರು ಮಾಡಿ. ಒಂದು ರಜೆಗೆ ಒಂದು ವಿಷಯ, ಐವತ್ತು ಅರವತ್ತು ಪುಟ ಸಾಕು. ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್‌ನಿಂದ ಆರಂಭಿಸಬೇಡಿ, ಅದನ್ನು ಎಲ್ಲರೂ ಬರೆಯುತ್ತಾರೆ. ಹಂಚಿನ ಕಾರ್ಖಾನೆಯಿಂದಲೋ, ನಿಮ್ಮ ಸಭಾಪ್ರಾಂತದ ಮೊದಲ ತಲೆಮಾರಿನ ಉಪದೇಶಿಗಳಿಂದಲೋ ಆರಂಭಿಸಿ. ಅಚ್ಚಿಗೆ ಕೊಡುವ ಮೊದಲು ಯಾವುದಾದರೂ ಉಪದೇಶಿಗಳ ಕೂಟದಲ್ಲಿ ಕೂತು ಗಟ್ಟಿಯಾಗಿ ಓದಿ. ಎಲ್ಲಿ ಅವರು ಚಹಾ ಲೋಟದ ಕಡೆ ನೋಡುತ್ತಾರೋ ಆ ಪುಟ ತೆಗೆಯಿರಿ. ಜೊತೆಗೆ ಇಬ್ಬರು ಮೂವರನ್ನು ಸೇರಿಸಿಕೊಳ್ಳಿ. ಸಭಾ ದಾಖಲೆ ಓದಬಲ್ಲವರೊಬ್ಬರು, ಆ ಊರುಗಳಲ್ಲಿ ಸೇವೆ ಮಾಡಿದ ಹಿರಿಯ ಸಭಾಪಾಲಕರೊಬ್ಬರು, ಮತ್ತು ಒಬ್ಬ ಹೆಂಗಸು ಖಂಡಿತ ಇರಲಿ. ನಮ್ಮ ಸಭಾ ಚರಿತ್ರೆಗಳಲ್ಲಿ ಬೈಬಲ್ ವುಮನ್‌ಗಳ, ಅಂದರೆ ಮನೆಮನೆಗೆ ಹೋಗಿ ಬೈಬಲ್ ಹೇಳುತ್ತಿದ್ದ ಹೆಂಗಸರ, ಹೆಸರು ಕಾಣೆಯಾಗಿರುವುದು ಅವರಿಲ್ಲದ್ದರಿಂದಲ್ಲ, ಕೇಳಿದವರಿಲ್ಲದ್ದರಿಂದ.

ಈ ದಾರಿಗೂ ಅಪಾಯ ಇದೆ. ಕೂಟದ ಕೆಲಸ ನಿಧಾನ. ಒಬ್ಬರು ವರ್ಗವಾಗಿ ಹೋಗುತ್ತಾರೆ, ಇನ್ನೊಬ್ಬರು ಮುನಿಸಿಕೊಳ್ಳುತ್ತಾರೆ. ಹಳೆಯ ಕುಟುಂಬಗಳ ಬಗ್ಗೆ ನಿಜ ಬರೆದರೆ ಮನೆತನದವರು ಆಡಳಿತ ಮಂಡಳಿಗೆ ದೂರು ಒಯ್ಯುತ್ತಾರೆ, ಮತ್ತು ನೀವು ಅದೇ ಮಂಡಳಿಯ ಸಂಬಳ ತಿನ್ನುತ್ತಿರುತ್ತೀರಿ. ಹುದ್ದೆ ಬಿಟ್ಟವನಿಗೆ ಆ ಭಯ ಕಡಿಮೆ ಎಂಬುದನ್ನು ಒಪ್ಪುತ್ತೇನೆ. ಆದ್ದರಿಂದ ಪ್ರತಿ ಮಾತಿಗೂ ದಾಖಲೆಯ ನಕಲು ಇಟ್ಟುಕೊಳ್ಳಿ. ಮೊದಲ ಪುಸ್ತಿಕೆಯನ್ನು ಪ್ರಾಂಶುಪಾಲರಿಗೆ ಮುಂಚೆಯೇ ತೋರಿಸಿ, ಅಚ್ಚಾದ ಮೇಲೆ ಅಲ್ಲ.

ಮೂರು ನಾಲ್ಕು ಪುಸ್ತಿಕೆ ಹೊರಬಂದು, ನಿಮ್ಮನ್ನು ಬಿಟ್ಟು ಬೇರೆಯವರೂ ಅವುಗಳಿಂದ ಪಾಠ ಮಾಡತೊಡಗಿದರೆ, ಆಗ ಒಂದು ವರ್ಷದ ಸಂಬಳರಹಿತ ರಜೆ ಕೇಳಿ. ಕೆಲವು ಕಾಲೇಜುಗಳ ಸೇವಾ ನಿಯಮದಲ್ಲಿ ಅಧ್ಯಯನ ರಜೆ ಎಂದೇ ಇರುತ್ತದೆ, ಅರ್ಧ ಸಂಬಳದೊಂದಿಗೆ. ನಿಮ್ಮಲ್ಲಿ ಏನಿದೆ ಎಂದು ಆಫೀಸಿನ ಗುಮಾಸ್ತರ ಬಳಿ ನಿಯಮ ಪುಸ್ತಕ ಕೇಳಿ ಓದಿ. ರಜೆಯ ಅವಧಿಯಲ್ಲಿ ಪಿ.ಎಫ್. ಕಂತು ಯಾರು ಕಟ್ಟಬೇಕು, ಕ್ವಾರ್ಟರ್ಸ್ ಉಳಿಯುತ್ತದೆಯೇ, ಹಿರಿತನಕ್ಕೆ ಪೆಟ್ಟು ಬೀಳುತ್ತದೆಯೇ, ಈ ಮೂರನ್ನು ಬರಹದಲ್ಲಿ ಪಡೆದುಕೊಂಡ ಮೇಲೆ ಅರ್ಜಿ ಹಾಕಿ.